ಕಪ್ಪಾಗದ ಬೆಳ್ಳಿ

ಮಡಿಕೇರಿ, ೨೦ ಮೇ ೧೯೩೬, ಬುಧವಾರ

ಇಂದಿನಿಂದ ದಿನಚರಿ ಬರೆಯಲು ತೊಡಗುತ್ತೇನೆ. ಇದನ್ನು ಯಾರೂ ಓದಬೇಕಾಗಿಲ್ಲ. ಓದಿದರೂ ತಪ್ಪು ಹುಡುಕುವುದು ಅವರಿಗೆ ಕಷ್ಟವಾದೀತು.

ಪರೀಕ್ಷೆಯ ಫಲಿತಾಂಶ ಬಂದಿದೆ. ತರಗತಿಗೆ ನಾನೇ ಮೊದಲು. ಎರಡನೆಯವಳಿಗೂ ನನಗೂ ನಡುವಿನ ಅಂತರ ನಲವತ್ತೊಂದು ಅಂಕ. ರಸಾಯನಶಾಸ್ತ್ರದಲ್ಲಿ ನಾಲ್ಕು ಅಂಕ ಕಳೆದಿದ್ದಾರೆ. ಯಾವ ಉತ್ತರಕ್ಕೆಂದು ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ. ಪರೀಕ್ಷಕರೇ ಎಡವಿರಬೇಕು.

ಸುದ್ದಿ ಊರಿಗೆ ಮುಟ್ಟಿದ ಮೂರನೆಯ ದಿನಕ್ಕೆ, ಅಂದರೆ ಇಂದು, ಅಜ್ಜ ಸೋಮವಾರಪೇಟೆಯ ಬಸ್ಸಿನಿಂದ ಇಳಿದರು. ವರ್ಷಕ್ಕೊಮ್ಮೆ ಏಲಕ್ಕಿ ಮಾರುವುದಕ್ಕಲ್ಲದೆ ಮಡಿಕೇರಿಯ ಚಳಿಗೆ ಕಾಲಿಡದ ಮರುಳಸಿದ್ದಪ್ಪನವರು ಈ ಸಲ ಬರಿಗೈಯಲ್ಲಿ ಬಂದಂತೆ ಕಂಡರು. ಕಾಫಿ ಕುಡಿದ ಮೇಲೆ ಪೇಟದ ಮಡಿಕೆಯಿಂದ ಒಂದು ಗಂಟನ್ನು ತೆಗೆದರು. ಒಳಗೆ ಹೊಚ್ಚ ಹೊಸ ಕರಡಿಗೆ, ಅದಕ್ಕೆ ಅದೇ ಬಣ್ಣದ ಸರಪಳಿ.

ದೀಕ್ಷೆಯಾದಂದಿನಿಂದ ನನ್ನ ಇಷ್ಟಲಿಂಗ ಬಿಳಿಯ ಬಟ್ಟೆಯ ಗಂಟಿನಲ್ಲೇ ಇದ್ದದ್ದು. ಶಾಲೆಯಲ್ಲಿ ಅದನ್ನು ರವಿಕೆಯೊಳಗೆ ಅಡಗಿಸಿಕೊಳ್ಳುತ್ತಿದ್ದೆ. ಬಟ್ಟೆಯಲ್ಲಿ ಕಟ್ಟಿಕೊಳ್ಳುವುದು ಬಡವರ ಗುರುತೆಂದು ನನಗೆ ತೋರುತ್ತಿತ್ತು. ಅಜ್ಜ ತಾವೇ ಲಿಂಗವನ್ನು ಹೊಸ ಕರಡಿಗೆಯಲ್ಲಿಟ್ಟು, ಸರಪಳಿಯನ್ನು ನನ್ನ ಕೊರಳಿಗೆ ಹಾಕಿದರು.

"ಇದು ಹೊಸಾ ತರದ ಬೆಳ್ಳಿ ಕಣವ್ವ," ಎಂದರು. "ಎಷ್ಟು ಮಳೆಗಾಲ ಹೋದ್ರೂ ಕಪ್ಪಾಗಾಕಿಲ್ಲ. ಓದಿದ ಹುಡ್ಗಿಗೆ ಹಳೇ ಕಾಲದ್ದು ಯಾಕೆ ಅಂತ ಸಂತೆ ಪೂರಾ ಸುತ್ತಿ ಹುಡುಕ್ದೆ."

ಅಜ್ಜನ ಮಗಳೂ ನಾನು ಓದಿಗಾಗಿ ಉಳಿದುಕೊಂಡಿರುವ ಈ ಮನೆಯ ಯಜಮಾನಿಯೂ ಆದ ಸುಮಿತ್ರತ್ತೆ, ತಮ್ಮ ಕಪ್ಪಿಟ್ಟ ಬೆಳ್ಳಿ ಬಟ್ಟಲನ್ನು ಪಕ್ಕಕ್ಕೆ ಹಿಡಿದು ನೋಡಿ ನಿಟ್ಟುಸಿರು ಬಿಟ್ಟರು. ನಾನು ಕರಡಿಗೆಯನ್ನು ರವಿಕೆಯ ಹೊರಗೇ ಬಿಟ್ಟುಕೊಂಡಿದ್ದೇನೆ.

ಮದರಾಸಿನ ವೈದ್ಯಕೀಯ ಶಾಲೆಗೆ ಅರ್ಜಿ ತುಂಬಿದ್ದಾಗಿದೆ. ಇನ್ನು ಬೇಕಾಗಿರುವುದು ಸರ್ಕಾರಿ ವೈದ್ಯರು ಸಹಿ ಮಾಡಿದ ಆರೋಗ್ಯ ಪತ್ರವೊಂದೇ. ಜೂನ್ ಹದಿನೈದರಂದು ಡಾಕ್ಟರ್ ಉತ್ತಯ್ಯನವರು ನನ್ನನ್ನು ಪರೀಕ್ಷಿಸಲಿದ್ದಾರೆ. ಜ್ವರವನ್ನೇ ಕಾಣದ ನನಗೆ ಅದರ ಚಿಂತೆಯಿಲ್ಲ.

೨೬ ಮೇ, ಮಂಗಳವಾರ

ಕೊರಳು ತುರಿಸುತ್ತಿದೆ. ಕನ್ನಡಿಯಲ್ಲಿ ನೋಡಿದರೆ ಸುತ್ತಲೂ ತೆಳುವಾದ ಕೆಂಪು ಗೆರೆ. ಕಾರಣ ಸ್ಪಷ್ಟ: ಹೊಸ ರವಿಕೆಯ ಗಂಜಿ. ಎರಡು ಸಲ ಒಗೆಸಿದರೆ ತೀರಿತು.

೨೯ ಮೇ, ಶುಕ್ರವಾರ

ಗಂಜಿಯಲ್ಲ. ಹಳೆಯ ರವಿಕೆ ತೊಟ್ಟರೂ ಕೆಂಪು ಇಳಿದಿಲ್ಲ. ಗೆರೆ ಈಗ ಬೆರಳಗಲದ ಪಟ್ಟಿಯಾಗಿದೆ, ಕರಡಿಗೆ ತಾಗುವಲ್ಲಿ ಬಿಲ್ಲೆಯಷ್ಟು ದದ್ದು ಎದ್ದಿದೆ. ಸೋಪು ಇರಬಹುದೆಂದು ಸೋಪನ್ನೂ ಬಿಟ್ಟೆ.

ಅತ್ತೆ ನೋಡಿದ್ದೇ ತಡ, ಕಾರಣ ಹೇಳಿದರು. ಪರೀಕ್ಷೆಯ ದಿನಗಳಲ್ಲಿ ನಾನು ಲಿಂಗಪೂಜೆಯನ್ನು ಅವಸರದಲ್ಲಿ ಮುಗಿಸಿದ್ದೆನಂತೆ, ಎರಡು ದಿನ ವಿಭೂತಿಯನ್ನೂ ಮರೆತಿದ್ದೆನಂತೆ. ಎರಡಲ್ಲ, ಒಂದೇ ದಿನ ಎಂದು ತಿದ್ದಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಇನ್ನು ಮೇಲೆ ಸ್ನಾನಕ್ಕೂ ಕರಡಿಗೆ ಬಿಚ್ಚಬಾರದು, ಸರಪಳಿ ಸಡಿಲವಿರಬಾರದು, ಕೆಂಪಾದಲ್ಲೆಲ್ಲ ವಿಭೂತಿ ಹಚ್ಚಬೇಕು ಎಂದು ಅಪ್ಪಣೆಯಾಯಿತು. ಸರಪಳಿಯ ಮೂರು ಕೊಂಡಿ ಕಳೆದು ತಾವೇ ಬಿಗಿ ಮಾಡಿದರು.

ಅವರ ತರ್ಕದಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ, ಊದಿ ಊದಿ ಹಚ್ಚುವ ಅವರ ಕೈಯನ್ನು ತಡೆಯಲು ಮನಸ್ಸಾಗಲಿಲ್ಲ.

೧ ಜೂನ್, ಸೋಮವಾರ

ಪಾತ್ರೆ ತೊಳೆಯುವವಳು ಇಂದು ನನಗೆ ವೈದ್ಯ ಹೇಳಿದಳು. ತಿತಿಮತಿಯ ಕಡೆಯವಳು, ಮುದ್ದಿ ಎಂದು ಹೆಸರು. ಮೂರು ವರ್ಷದಿಂದ ಈ ಮನೆಯಲ್ಲಿದ್ದರೂ ನನ್ನೊಡನೆ ಮಾತಾಡಿದ್ದು ಕಡಿಮೆ. ಹಿತ್ತಲಲ್ಲಿ ಕೊರಳು ತುರಿಸಿಕೊಳ್ಳುತ್ತ ನಿಂತಿದ್ದಾಗ ಬೂದಿ ಮೆತ್ತಿದ ಕೈಯಲ್ಲೇ ಬಂದು, ಸೀರೆಯ ಅಂಚನ್ನು ಗೇಣು ಎತ್ತಿ ಕಣಕಾಲು ತೋರಿಸಿದಳು. ಸುತ್ತಲೂ ಹಳೆಯ ಕಲೆ.

"ಸಂತೆ ಕಡಗ ಹಾಕಿದ್ದೆ ಅಮ್ಮಾ. ಹಿಂಗೇ ಬಂತು. ಹರಕೆ ಹೊತ್ತೆ, ಸೊಪ್ಪು ಅರೆದು ಕಟ್ಟಿದೆ, ಹೋಗ್ಲಿಲ್ಲ. ಕಡಗ ತೆಗ್ದೆ, ಹೋಯ್ತು. ನಿಮ್ದೂ ಅದೇ."

ಅವಳ ಕಡಗ ಸಂತೆಯ ಅಗ್ಗದ ಲೋಹ, ನನ್ನದು ಬೆಳ್ಳಿ. ಎರಡನ್ನೂ ಹೋಲಿಸುವುದು ಸರಿಯಲ್ಲವೆಂದು ಸ್ಪಷ್ಟವಾಗಿ ಹೇಳಿದೆ. ಬಹುಶಃ ಅಗತ್ಯಕ್ಕಿಂತ ಸ್ಪಷ್ಟವಾಗಿ. ಅವಳು ಸೀರೆಯ ಅಂಚು ಇಳಿಸಿ, "ಆಯ್ತು ಬಿಡಿ," ಎಂದು ಹೋಗಿ ಪಾತ್ರೆ ಹಿಡಿದಳು. ಅವಳ ಕಡಗವನ್ನೂ ಸಂತೆಯಲ್ಲೇ ಕೊಂಡದ್ದೆಂಬುದು ಆಗ ನನಗೆ ತಟ್ಟಲಿಲ್ಲ. ಈಗ ಬರೆಯುವಾಗ ತಟ್ಟುತ್ತಿದೆ. ಆದರೂ ಸಂತೆಯಲ್ಲಿ ಒಳ್ಳೆಯ ವಸ್ತುವೂ ಸಿಗುತ್ತದೆ.

೪ ಜೂನ್, ಗುರುವಾರ

ಆರೋಗ್ಯ ಪತ್ರದ ನಮೂನೆಯನ್ನು ಇಂದು ಮತ್ತೆ ಓದಿದೆ. ಮೂರನೆಯ ಸಾಲು: ಅಭ್ಯರ್ಥಿಗೆ ಚರ್ಮರೋಗವಾಗಲಿ ಅಂಟುರೋಗವಾಗಲಿ ಇಲ್ಲ.

ಇನ್ನು ಹನ್ನೊಂದು ದಿನ.

೬ ಜೂನ್, ಶನಿವಾರ

ದದ್ದುಗಳು ನೀರುಗುಳ್ಳೆಗಳಾಗಿ ಒಡೆದಿವೆ. ರವಿಕೆಯ ಅಂಚು ಅಂಟಿಕೊಳ್ಳುತ್ತದೆ. ಪಕ್ಕದ ಮನೆಯ ಹೆಂಗಸು ನನ್ನನ್ನು ನೋಡಿ ತನ್ನ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು. ನಾನು ನೋಡಲಿಲ್ಲವೆಂದು ಅವಳು ತಿಳಿದಿರಬಹುದು.

ಮದರಾಸಿಗೆ ಹೋಗದಿದ್ದರೆ ನಾನೇನು? ಊರಿನಲ್ಲಿ ಏಲಕ್ಕಿ ಬಿಡಿಸುತ್ತ, ನಲವತ್ತೊಂದು ಅಂಕದ ಕಥೆಯನ್ನು ಮುದುಕಿಯಾಗುವವರೆಗೆ ಹೇಳುವವಳು.

ಅಳುವುದರಿಂದ ಪ್ರಯೋಜನವಿಲ್ಲ. ಊಹೆ ಮೂರಾಗಿವೆ: ಬಟ್ಟೆ, ಸೋಪು, ಪೂಜೆಯ ಲೋಪ. ಪರೀಕ್ಷಿಸದೆ ಉಳಿದಿರುವುದು ಒಂದೇ, ಅದೂ ನಾನು ತಳ್ಳಿಹಾಕಿದ ಮುದ್ದಿಯ ಮಾತು. ಆದ್ದರಿಂದ ಪ್ರಯೋಗ. ಸ್ನಾನದ ನಂತರ ಇಷ್ಟಲಿಂಗವನ್ನು ಹಳೆಯ ಬಿಳಿ ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದೇನೆ. ಲಿಂಗ ಮೈಯಿಂದ ಅಗಲಿಲ್ಲ, ಅತ್ತೆಗೆ ಉತ್ತರ ಕೊಡಬಲ್ಲೆ. ಕರಡಿಗೆಯ ಮುಚ್ಚಳವನ್ನು ಎಡ ಮುಂಗೈಯ ಒಳಮೈಗೆ ಒತ್ತಿ ಪಟ್ಟಿ ಸುತ್ತಿದ್ದೇನೆ. ಬಲಗೈಗೆ ಅದೇ ರೀತಿ ಒಂದು ಬೆಳ್ಳಿ ರೂಪಾಯಿ. ನಲವತ್ತೆಂಟು ಗಂಟೆ. ಉದ್ದ ತೋಳಿನ ರವಿಕೆ ತೊಟ್ಟಿದ್ದೇನೆ.

೮ ಜೂನ್, ಸೋಮವಾರ

ಬಲಗೈಯಲ್ಲಿ ರಾಜನ ಮುಖದ ಅಚ್ಚು ಬಿಟ್ಟರೆ ಏನೂ ಇಲ್ಲ. ಎಡಗೈಯಲ್ಲಿ ಮುಚ್ಚಳದಷ್ಟೇ ದುಂಡಾದ, ಉಬ್ಬಿದ, ಸುಡುವ ಕೆಂಪು ಬಿಲ್ಲೆ.

ರಸಾಯನಶಾಸ್ತ್ರದ ಪುಸ್ತಕದ ಕೊನೆಯ ಅಧ್ಯಾಯವನ್ನು ತೆಗೆದೆ. ಬೆಳ್ಳಿಯಂತೆ ಕಾಣುವ ಮಿಶ್ರಲೋಹವೊಂದಿದೆ: ತಾಮ್ರ, ಸತು, ನಿಕಲ್. ಚಮಚಗಳಿಗೂ ಗುಂಡಿಗಳಿಗೂ ಬಳಸುತ್ತಾರೆ. ಬೆಳ್ಳಿಯಂತೆ ಕಪ್ಪಾಗುವುದಿಲ್ಲ. ಅದರಲ್ಲಿ ಬೆಳ್ಳಿ ಲವಲೇಶವೂ ಇಲ್ಲ.

ಮೊದಲು ಬಂದದ್ದು ಸಂತೋಷ. ಕಾರಣವನ್ನು ಕಂಡುಹಿಡಿದೆ, ಯಾರ ಸಹಾಯವೂ ಇಲ್ಲದೆ. ಈ ವಾಕ್ಯವನ್ನು ಬರೆದ ಮೇಲೆ ಎದ್ದು ಹಿತ್ತಲಿಗೆ ಹೋದೆ. ಮುದ್ದಿ ಕಡಾಯಿ ಉಜ್ಜುತ್ತಿದ್ದಳು. ನೀನು ಹೇಳಿದ್ದೇ ಸರಿ, ನಾನು ಹಾಗೆ ಮಾತಾಡಬಾರದಿತ್ತು ಎಂದೆ. ಅವಳು ತಲೆ ಎತ್ತದೆ, ಕೈಗೆ ಕಟ್ಟಿಕೊಂಡು ನೋಡುವ ಹುಚ್ಚು ಯಾಕೆ ಮಾಡಿದಿರಿ, ನನ್ನ ಕಾಲನ್ನು ನೋಡಿದ್ದರೆ ಸಾಕಿತ್ತಲ್ಲ ಎಂದಳು. ಕಡಾಯಿಯ ಇನ್ನೊಂದು ಕಿವಿ ಹಿಡಿದುಕೊಂಡೆ, ಸೇರಿ ಕವುಚಿದೆವು.

ಊಟದ ಹೊತ್ತಿಗೆ ಅತ್ತೆಗೆ ಎಲ್ಲವನ್ನೂ ವಿವರಿಸಬೇಕೆಂದು ವಾಕ್ಯಗಳನ್ನು ಜೋಡಿಸಿಕೊಂಡು ಕುಳಿತೆ. ನಾನು ಬಾಯಿ ತೆರೆಯುವ ಮೊದಲೇ ಅವರು ಊರಿನಿಂದ ಬಂದ ಅಪ್ಪನ ಕಾಗದ ಓದಿದರು. ಕರಡಿಗೆ ಕೊಳ್ಳುವಾಗ ಅಜ್ಜ ಪ್ರತಿ ಅಂಗಡಿಯಲ್ಲೂ ನನ್ನ ಫಲಿತಾಂಶ ಅಚ್ಚಾದ ಪತ್ರಿಕೆಯ ತುಂಡು ತೆಗೆದು ನನ್ನ ಹೆಸರನ್ನು ಅಂಗಡಿಯವರಿಂದಲೇ ಓದಿಸಿದರಂತೆ. ಓದಲು ಬಾರದ ಅಂಗಡಿಯಲ್ಲಿ ವ್ಯಾಪಾರ ಮಾಡಲಿಲ್ಲವಂತೆ. ಈಗಲೂ ಜಗುಲಿಗೆ ಬಂದವರಿಗೆಲ್ಲ, ನನ್ನ ಮೊಮ್ಮಗಳ ಬೆಳ್ಳಿ ಕಪ್ಪಾಗುವುದಿಲ್ಲ ಎನ್ನುತ್ತಾರಂತೆ.

ವಿವರಣೆಯನ್ನು ನಾಳೆಗೆ ಇಟ್ಟುಕೊಂಡೆ.

೯ ಜೂನ್, ಮಂಗಳವಾರ

ನನ್ನ ಪ್ರಯೋಗದಲ್ಲಿ ಒಂದು ಲೋಪವಿತ್ತು. ಕಲೆ ಮೂಡಿದರೆ ಅದು ಬೇಗ ಹೋಗದು ಎಂಬುದನ್ನು ನಾನು ಎಣಿಸಿರಲಿಲ್ಲ. ಎಣ್ಣೆ ಹಚ್ಚಲು ಬಂದ ಅತ್ತೆ ರವಿಕೆಯ ತೋಳನ್ನು ಮೇಲಕ್ಕೆ ಮಡಚಿಬಿಟ್ಟರು.

"ಅಯ್ಯೋ ಶಿವನೇ, ಕೈಗೂ ಇಳಿದೈತಲ್ಲೇ."

ಹಬ್ಬಿದ್ದಲ್ಲ, ನಾನೇ ಬರಿಸಿಕೊಂಡದ್ದು ಎಂದರೆ ಯಾರು ನಂಬುತ್ತಾರೆ? ಕೊರಳಲ್ಲಿ ಬಟ್ಟೆಯ ಗಂಟನ್ನು ಕಂಡು ಇನ್ನೂ ಗಾಬರಿಯಾದರು. ಲಿಂಗ ಮೈಮೇಲೆಯೇ ಇದೆ ಎಂದು ತೋರಿಸಿದೆ. ಅವರು ಗಂಟನ್ನು ಕಣ್ಣಿಗೊತ್ತಿಕೊಂಡು, ಸೆರಗಿನಿಂದ ಮೂಗು ಒರೆಸಿಕೊಂಡರು. ರೋಗ ಹಬ್ಬುತ್ತಿದೆ, ಕೂಡಲೇ ಹೊರಟು ಬನ್ನಿ ಎಂದು ಅಜ್ಜನಿಗೆ ಕಾಗದ ಹೋಗಿದೆ.

ಹದಿನೈದರಂದು ಡಾಕ್ಟರ್ ಉತ್ತಯ್ಯನವರು ನೋಡುವುದು ಒಂದಲ್ಲ, ಎರಡು ಕಲೆಗಳನ್ನು.

೧೦ ಜೂನ್, ಬುಧವಾರ

ಅಜ್ಜನಿಗೆ ಹೇಳಬೇಕಾದ ವಾಕ್ಯ: "ಅಜ್ಜ, ಈ ಕರಡಿಗೆಯಲ್ಲಿ ತಾಮ್ರ, ಸತು ಮತ್ತು ನಿಕಲ್ ಎಂಬ ಮೂರು ಲೋಹಗಳಿವೆ, ಬೆಳ್ಳಿಯಿಲ್ಲ." ಚಿಕ್ಕದು, ನಿಖರವಾದದ್ದು. ಇದಕ್ಕಿಂತ ಚೆನ್ನಾಗಿ ಹೇಳಲು ಸಾಧ್ಯವಿಲ್ಲ.

ಮೂರು ಸಲ ಓದಿಕೊಂಡೆ. ಮೂರನೆಯ ಸಲ ಅಷ್ಟು ಚೆನ್ನಾಗಿ ಕೇಳಿಸಲಿಲ್ಲ.

೧೧ ಜೂನ್, ಗುರುವಾರ

ಅಜ್ಜ ಬಂದರು. ಛತ್ರಿ ಮಡಿಸುವುದನ್ನೂ ಮರೆತು ಒಳಗೆ ಬಂದು, ನನ್ನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕೊರಳು ನೋಡಿದರು. ಏಲಕ್ಕಿಯ ಬಣ್ಣವನ್ನು ದೂರದಿಂದಲೇ ಹೇಳಬಲ್ಲ ಕಣ್ಣು ಅವರದು. ಸರಪಳಿಯ ಕೊಂಡಿ ಕೊಂಡಿಯೂ ಚರ್ಮದ ಮೇಲೆ ಅಚ್ಚೊತ್ತಿದ್ದು ಅವರಿಗೆ ಕಾಣದೆ ಇರಲಿಲ್ಲ.

"ನಾ ತಂದದ್ರಿಂದಾನಾ, ಕಾಂತೂ?"

ವಾಕ್ಯ ಸಿದ್ಧವಾಗಿತ್ತು. ಅವರ ಬೆರಳು ನನ್ನ ಗಲ್ಲವನ್ನು ಮೇಲೆತ್ತಿ ಹಿಡಿದಿತ್ತು.

"ನನ್ನ ಚರ್ಮಕ್ಕೆ ಹೊಸ ಬೆಳ್ಳಿ ಒಗ್ಗಲಿಲ್ಲ ಅಜ್ಜ," ಎಂದೆ.

ಪರೀಕ್ಷೆಯಲ್ಲಿ ಇಂಥ ಉತ್ತರಕ್ಕೆ ಅರ್ಧ ಅಂಕ ಸಿಗಬಹುದು. ಆದರೆ ಅಜ್ಜ ಬಹಳ ಹೊತ್ತು ತಲೆಯಾಡಿಸಿದರು. ಹೊಸ ಮೆಣಸಿನ ಹಾಗೆ ಹೊಸ ಬೆಳ್ಳಿಗೂ ಖಾರ ಇರುತ್ತದೆ, ತಮಗೆ ಅದು ಹೊಳೆಯಬೇಕಿತ್ತು ಎಂದರು. ಸ್ನಾನ ಮಾಡಿ ಬಂದು, ನನ್ನನ್ನೂ ಸ್ನಾನ ಮಾಡಿಸಿ ಎದುರಿಗೆ ಕೂರಿಸಿಕೊಂಡರು. ಇಬ್ಬರೂ ಪೂಜೆ ಮುಗಿಸಿದೆವು. ಆಮೇಲೆ ಅವರು ತಮ್ಮ ಲಿಂಗವನ್ನು ಎಡಗೈಯಲ್ಲಿ ಹಿಡಿದುಕೊಂಡೇ ತಮ್ಮ ಹಳೆಯ ಕರಡಿಗೆಯನ್ನು ನನ್ನ ಮುಂದೆ ಸರಿಸಿದರು. ಕಪ್ಪಾದ ಬೆಳ್ಳಿ. ಐವತ್ತು ವರ್ಷ ತೆರೆದು ಮುಚ್ಚಿ, ಮುಚ್ಚಳದ ಮೇಲಿನ ನಂದಿಗೆ ಈಗ ಕೊಂಬೂ ಇಲ್ಲ, ಮುಖವೂ ಇಲ್ಲ.

"ನಿನ್ನ ಲಿಂಗ ಇದರಾಗಿಡು. ಹೊಸದು ನಂಗಿರ್ಲಿ. ನಂದು ಎಮ್ಮೆ ಚರ್ಮ ಕಣವ್ವ, ಇಂಥಾ ಖಾರ ಏನೂ ಮಾಡಾಕಿಲ್ಲ."

ಬೇಡವೆಂದೆ. ನಿಮ್ಮ ಮೈಗೂ ಆಗದಿದ್ದರೆ ಎಂದು ಕೇಳಿದೆ. ಆಗದಿದ್ದರೆ ಡಾಕ್ಟರಮ್ಮ ನೀನಿದ್ದೀಯಲ್ಲ ಎಂದರು. ಅವರು ಹೊಸ ಕರಡಿಗೆಯನ್ನು ಅಂಗಿಯ ಮೇಲೆ ಬಿಟ್ಟುಕೊಂಡು ಜಗುಲಿಗೆ ಹೋಗಿ, ದಾರಿಯಲ್ಲಿ ಹೋಗುವವರಿಗೆ ಕಾಣುವಂತೆ ಕುಳಿತರು.

೧೩ ಜೂನ್, ಶನಿವಾರ

ನೀರುಗುಳ್ಳೆಗಳು ಒಣಗಿವೆ. ಕೆಂಪು ಕಂದಾಗುತ್ತಿದೆ, ಎರಡು ದಿನದಲ್ಲಿ ಮಾಯವಾಗುವಂಥದ್ದಲ್ಲ. ದಾರದಲ್ಲಿ ಕಟ್ಟಿದ ಅಜ್ಜನ ಕರಡಿಗೆ ಭಾರವಾಗಿದೆ, ತಣ್ಣಗಿದೆ, ತುರಿಕೆಯಿಲ್ಲ.

ಬೆಳಿಗ್ಗೆಯೂ ಸಂಜೆಯೂ ಅಜ್ಜನ ಎದೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೇನೆ. ಇದುವರೆಗೆ ಏನೂ ಇಲ್ಲ. ನನ್ನ ಕಣ್ಣು ತಪ್ಪಬಾರದೆಂದು ಮುದ್ದಿಗೂ ತೋರಿಸಿದೆ. ಅವಳಿಗೆ ಇದರ ಅನುಭವ ನನಗಿಂತ ಹೆಚ್ಚು. ಅವಳು ದೂರದಿಂದಲೇ ಬಗ್ಗಿ ನೋಡಿ, "ಈ ತೊಗಲಿಗೆ ಮುಳ್ಳೂ ಚುಚ್ಚಲ್ಲ," ಎಂದಳು. ಅಜ್ಜನಿಗೆ ಆ ಪ್ರಶಂಸೆಯಿಂದ ಬಹಳ ಸಂತೋಷವಾಯಿತು.

೧೫ ಜೂನ್, ಸೋಮವಾರ

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಆಸ್ಪತ್ರೆಗೆ ಅಜ್ಜ ಜೊತೆಗೆ ಬಂದರು. ನಾನು ಹೊರಗಿನ ಬೆಂಚು ತೋರಿಸಿದೆ. ಡಾಕ್ಟರ್ ಉತ್ತಯ್ಯನವರು ಹಿರಿಯರನ್ನು ಕಂಡು ಎದ್ದು ನಿಂತು, ಒಳಗೇ ಕುರ್ಚಿ ಹಾಕಿಸಿದರು. ಹಾಗಾಗಿ ಮೇಜಿನ ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಕಪ್ಪಾಗದ ಕರಡಿಗೆಯನ್ನು ಎದೆಯ ಮೇಲೆ ಹೊಳೆಯಿಸಿಕೊಂಡು ಅಜ್ಜ.

ಎದೆ, ಕಣ್ಣು, ಹಲ್ಲು, ಎಲ್ಲವೂ ಸರಿಯಿತ್ತು. ಡಾಕ್ಟರು ಲೇಖನಿ ಎತ್ತಿಕೊಂಡು ಮೂರನೆಯ ಸಾಲಿಗೆ ಬಂದು ನನ್ನ ಕೊರಳನ್ನು ನೋಡಿದರು. ಆಮೇಲೆ ತೋಳು ಸರಿಸಲು ಹೇಳಿದರು.

"ಎಂತದಿದು? ಕೊರಳಲ್ಲೊಂದು, ಕೈಯಲ್ಲೊಂದು. ಯಾವಾಗಿಂದ?"

ಮೂರು ವಾರದಿಂದ, ಈಗ ಗುಣವಾಗುತ್ತಿದೆ ಎಂದೆ. ಯಾಕೆ ಬಂತೆಂದು ಕೇಳಿದರು. ನಾನು ಅಜ್ಜನ ಕಡೆ ನೋಡಿದೆ. ಲೇಖನಿಯನ್ನು ಮೇಜಿನ ಮೇಲೆ ಇಟ್ಟುಬಿಟ್ಟರು.

"ನೋಡು ಕೂಸೇ, ಕಾರಣ ಗೊತ್ತಿಲ್ಲದ್ದಕ್ಕೆ ನಾನು ಸಹಿ ಹಾಕ್ಲಿಕ್ಕಾಗೋದಿಲ್ಲ. ನಾಳೆ ನೀನು ಮುಟ್ಟೋದು ರೋಗಿಗಳನ್ನ."

ಕಾರಣ ನನ್ನ ನಾಲಗೆಯ ತುದಿಯಲ್ಲಿತ್ತು. ಅದನ್ನು ಹೇಳಿದರೆ ಮದರಾಸು ನನ್ನದು. ಅಜ್ಜ ಕುರ್ಚಿಯ ಅಂಚಿಗೆ ಬಂದು, ನನ್ನ ಬಾಯನ್ನೇ ನೋಡುತ್ತ, ನಾನು ಉತ್ತರ ಹೇಳಿಯೇ ತೀರುತ್ತೇನೆಂಬ ನಂಬಿಕೆಯಿಂದ ಕುಳಿತಿದ್ದರು.

ಇಂಗ್ಲಿಷಿನಲ್ಲಿ ಹೇಳಿದೆ. ಪೂರ್ತಿ ಹೇಳಿದೆ: ಆ ಸರಪಳಿಯಲ್ಲಿ ನಿಕಲ್ ಇದೆಯೆಂದು, ರೂಪಾಯಿಯನ್ನೂ ಮುಚ್ಚಳವನ್ನೂ ಎರಡು ಕೈಗೆ ಕಟ್ಟಿ ನಲವತ್ತೆಂಟು ಗಂಟೆ ಕಾದೆನೆಂದು, ಕೈಯ ಕಲೆ ನಾನೇ ಮಾಡಿಕೊಂಡದ್ದೆಂದು, ಮೊದಲು ಕಾರಣ ತಿಳಿಸಿದವಳು ನಾನಲ್ಲ, ನಮ್ಮ ಮನೆಯ ಮುದ್ದಿಯೆಂದು. ಕೊನೆಗೆ, ಅದನ್ನು ತಂದವರು ಇವರು, ಬೆಳ್ಳಿಯೆಂದೇ ತಿಳಿದಿದ್ದಾರೆ, ದಯವಿಟ್ಟು ಅವರ ಕಡೆಗೆ ನೋಡಬೇಡಿ ಎಂದೆ.

ನೋಡಬೇಡಿ ಎಂದರೆ ಯಾರು ತಾನೇ ನೋಡುವುದಿಲ್ಲ. ಡಾಕ್ಟರು ಅಜ್ಜನ ಎದೆಯತ್ತ ಒಮ್ಮೆ ಕಣ್ಣು ಹಾಯಿಸಿ, ಕನ್ನಡಕ ತೆಗೆದು ಒರೆಸಿಕೊಂಡರು. ನಿಕಲ್ ಬಳಿಯುವ ಕಾರ್ಖಾನೆಯ ಕೆಲಸಗಾರರ ಕೈಗೆ ಹೀಗಾಗುವುದನ್ನು ಓದಿದ್ದೆ, ಕಣ್ಣಾರೆ ಕಂಡದ್ದು ಇದೇ ಮೊದಲು ಎಂದು ಅವರೂ ಇಂಗ್ಲಿಷಿನಲ್ಲೇ ಹೇಳಿದರು. ನನ್ನ ಎರಡು ಮುಂಗೈಗಳನ್ನೂ ಪಕ್ಕಪಕ್ಕಕ್ಕೆ ಇರಿಸಿ, ಕೆಂಪಿನ ಅಗಲವನ್ನು ಬೆರಳಿನಿಂದ ಅಳೆದರು. ಆಮೇಲೆ ಸಹಿ ಮಾಡಿ, ಹೀರುಕಾಗದದಿಂದ ಶಾಯಿಯನ್ನು ಒತ್ತಿ, ಅಜ್ಜನ ಕಡೆಗೆ ತಿರುಗಿದರು.

"ಅಂಟುವ ಕಾಯಿಲೆ ಅಲ್ಲ ಅಜ್ಜಾರೇ. ಈ ಕೂಸಿನ ಚರ್ಮಕ್ಕೆ ಹಳೇ ಬೆಳ್ಳಿಯೇ ಆಗೋದು. ಯಾರೋ ಬುದ್ಧಿವಂತರು ಸಮಯಕ್ಕೆ ಸರಿಯಾಗಿ ಬದಲಾಯ್ಸಿದ್ದಾರೆ."

"ನಾನೇ ಸ್ವಾಮಿ ಬದಲಾಯ್ಸಿದ್ದು," ಎಂದರು ಅಜ್ಜ.

ಅವರನ್ನು ಬಸ್ಸು ಹತ್ತಿಸಲು ಹೋದೆ. ಆರೋಗ್ಯ ಪತ್ರವನ್ನು ಎರಡು ಸಲ ಕೈಗೆ ತೆಗೆದುಕೊಂಡು, ಓದಲು ಬಾರದಿದ್ದರೂ ತಿರುಗಿಸಿ ಮುರುಗಿಸಿ ನೋಡಿ ಹಿಂದಿರುಗಿಸಿದರು. ಮಾರುಕಟ್ಟೆಯ ಇಳಿಜಾರಿನಲ್ಲಿ ನನ್ನ ಭುಜ ಹಿಡಿದುಕೊಂಡು ಇಳಿಯುವಾಗ ಕೇಳಿದರು:

"ಇಂಗ್ಲಿಷಿನಾಗೆ ಅಷ್ಟುದ್ದ ಏನ್ ಹೇಳ್ದೆ? ನನ್ನ ಬೈದ್ಯಾ?"

"ಇಲ್ಲ ಅಜ್ಜ. ಹೊಗಳಿದೆ."

ನಾಲ್ಕು ಹೆಜ್ಜೆ ಇಳಿದರು.

"ಹೊಗಳೋದಾದ್ರೆ ಕನ್ನಡದಾಗೇ ಹೊಗಳ್ಬಹುದಿತ್ತಲ್ಲವ್ವ."

ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ಹೇಳಲಿಲ್ಲ. ಅವರು ನನ್ನ ಭುಜವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡರು. ಬಸ್ಸಿನಲ್ಲಿ ಕಿಟಕಿಯ ಬದಿಗೆ ಕೂರಿಸಿದೆ. ಎಂಜಿನು ಅದುರತೊಡಗಿದಾಗ, ಕರಡಿಗೆ ಅಲುಗಾಡದಂತೆ ಅದರ ಮೇಲೆ ಅಂಗೈ ಮುಚ್ಚಿಕೊಂಡರು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಆ ಕೈ ಅಲ್ಲೇ ಇತ್ತು.